ಬರಿಗಾಲಿಗೆ ಯಾವ ನೆಲ? ಹುಲ್ಲು, ಮಣ್ಣು, ಮರಳು, ಗುಂಡುಕಲ್ಲು, ಅರ್ಥಿಂಗ್ ಚಾಪೆ: ಯಾರಿಗೆ ಯಾವುದು ಸರಿ

ಬರಿಗಾಲಲ್ಲಿ ನಡೆದರೆ ಒಳ್ಳೆಯದಂತೆ ಎಂದು ಕೇಳಿ ಚಪ್ಪಲಿ ಬಿಟ್ಟವರಿಗೆ ಮರುಗಳಿಗೆಯೇ ಏಳುವ ಪ್ರಶ್ನೆ, ಎಲ್ಲಿ ನಡೆಯುವುದು? ಪಾರ್ಕಿನ ಹುಲ್ಲಿನ ಮೇಲೋ, ಕೆರೆ ಏರಿಯ ಮಣ್ಣುದಾರಿಯಲ್ಲೋ, ಪಾರ್ಕಿನ ಮೂಲೆಯಲ್ಲಿ ಗುಂಡುಕಲ್ಲು ಹುಗಿದು ಮಾಡಿದ ಅಕ್ಯುಪ್ರೆಶರ್ ಟ್ರ್ಯಾಕಿನಲ್ಲೋ? ಏಳನೇ ಮಹಡಿಯಲ್ಲಿರುವವರಿಗೆ ಟೆರೇಸ್ ಸಾಕೇ? ಮೊಬೈಲ್ ತೆರೆದರೆ, ತಂತಿಯಿಂದ ಮನೆಯ ಅರ್ಥ್‌ಗೆ ಸೇರಿಸಿ ಮೈಗೆ ತಾಗಿಸಿಕೊಳ್ಳುವ ಅರ್ಥಿಂಗ್ ಚಾಪೆ, ತೆಳು ಸೋಲಿನ ಬೇರ್‌ಫುಟ್ ಶೂಗಳ ಜಾಹೀರಾತು. ಸಕ್ಕರೆ ಕಾಯಿಲೆ ಇದ್ದವರಿಗೆ ಡಾಕ್ಟರು ಮನೆಯೊಳಗೂ ಚಪ್ಪಲಿ ಬಿಡಬೇಡಿ ಅನ್ನುತ್ತಾರೆ, ವಾಕಿಂಗ್ ಜೊತೆಗಾರರು ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತೆ ಅನ್ನುತ್ತಾರೆ.

ಇದರ ನಡುವೆ ಒಂದು ಮಾತು ಎಲ್ಲರಿಗೂ ಮರೆತುಹೋಗುತ್ತದೆ. ಚಪ್ಪಲಿಯನ್ನು ಹೊಸಿಲಾಚೆ ಬಿಡುವ ನಾವು ಆಗಲೇ ದಿನದ ಬಹುಪಾಲು ಬರಿಗಾಲಲ್ಲೇ ಇದ್ದೇವೆ, ಅದೂ ಇರುವುದರಲ್ಲೇ ಅತಿ ಗಟ್ಟಿ, ಅತಿ ಸಪಾಟಾದ ನೆಲದ ಮೇಲೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಹತ್ತು ಗಂಟೆ ಓಡಾಡುವವರಿಗೆ ಬರಿಗಾಲು ಹೊಸದಲ್ಲ. ಹೊಸದಾಗಬೇಕಾದ್ದು ನೆಲ.

ಮೊದಲು ಪಾದ, ಆಮೇಲೆ ನೆಲ

ಐದು ವಿಷಯ ತೂಗಿ ನೋಡಬೇಕು. ಪಾದಕ್ಕೆ ಸ್ಪರ್ಶ ಸರಿಯಾಗಿ ತಿಳಿಯುತ್ತದೆಯೇ. ನೋವಿದ್ದರೆ ಅದು ಮಂಡಿಯಲ್ಲೋ ಹಿಮ್ಮಡಿಯಲ್ಲೋ. ನೆಲ ಎಷ್ಟು ಗಟ್ಟಿ, ಎಷ್ಟು ಏರುಪೇರು. ಅಲ್ಲಿ ಹೊಲಸು, ತೇವ, ಮುಳ್ಳು, ಬಿಸಿ ಎಷ್ಟು. ಕೊನೆಗೆ, ದಿನಾ ಹೋಗಲು ಆಗುತ್ತದೆಯೇ, ಖರ್ಚೆಷ್ಟು. ಮೊದಲನೆಯದರಲ್ಲಿ ಫೇಲಾದರೆ ಉಳಿದ ನಾಲ್ಕನ್ನು ನೋಡುವ ಅಗತ್ಯವೇ ಇಲ್ಲ.

ಸ್ಪರ್ಶ ಪರೀಕ್ಷೆ ಮನೆಯಲ್ಲೇ ಎರಡು ನಿಮಿಷದ ಕೆಲಸ. ಬ್ರಿಟನ್ನಿನ ಇಪ್ಸ್‌ವಿಚ್ ಊರಿನ ಹೆಸರಲ್ಲಿ ವೈದ್ಯರು ಬಳಸುವ ವಿಧಾನ ಇದು. ಮಲಗಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಲಿ. ಒತ್ತಬಾರದು, ಸವರಬಾರದು, ತಟ್ಟಲೂಬಾರದು. ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಆಮೇಲೆ ಎರಡೂ ಕಾಲಿನ ನಡುಬೆರಳು. ಮುಟ್ಟಿದ್ದು ಗೊತ್ತಾದಾಗ ಬಲ, ಎಡ ಎಂದು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ಪಾದದ ನರ ಮಂಕಾಗಿದೆ ಎಂದೇ ಲೆಕ್ಕ. ಮುಂದಿನದು ಆಸ್ಪತ್ರೆಯಲ್ಲಿ 10 ಗ್ರಾಂ ಮೋನೋಫಿಲಮೆಂಟ್ ಪರೀಕ್ಷೆ, ಅಂದರೆ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ನೋಡುವುದು.

ನರ ಮಂಕಾದ ಮಧುಮೇಹಿಗೆ ಬರಿಗಾಲು ಬೇಡವೇ ಬೇಡ, ಹುಲ್ಲಿನ ಮೇಲಾಗಲಿ ಮನೆಯೊಳಗಾಗಲಿ. ಬರೀ ಸಾಕ್ಸ್ ಹಾಕಿಕೊಂಡು ನಡೆಯುವುದೂ ಬೇಡ ಎಂದೇ ಮಧುಮೇಹ-ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮುಳ್ಳು ಚುಚ್ಚಿದ್ದು, ಬಿಸಿಕಲ್ಲು ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ, ನೆಲದ ಮೇಲೆ ಮೂಡಿದ ರಕ್ತದ ಹೆಜ್ಜೆ ಕಂಡಾಗಲೇ ತಿಳಿಯುವುದು. ಬರಿಗಾಲಿನಿಂದ ಶುಗರ್ ಇಳಿಯುತ್ತದೆ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ನಡೆದರೆ ಇಳಿಯುತ್ತದೆ, ಏಕೆಂದರೆ ಸಕ್ಕರೆಯನ್ನು ಹೀರುವುದು ಕೆಲಸ ಮಾಡುವ ಸ್ನಾಯು. ಅಂಗಾಲಿನ ಕೆಳಗೆ ಹುಲ್ಲಿದೆಯೋ ರಬ್ಬರಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಇಂಥವರಿಗೆ ಇರುವುದು ಎಂಸಿಆರ್ ಚಪ್ಪಲಿ: ಮೇಲೆ ಮೆತ್ತನೆ ಮೈಕ್ರೋಸೆಲ್ಯುಲರ್ ರಬ್ಬರ್, ಕೆಳಗೆ ಗಟ್ಟಿ ಸೋಲ್, ಹಿಂದೆ ಪಟ್ಟಿ. ಕೊಳ್ಳುವಾಗ ಎರಡು ನೋಡಿ. ಅಡಿಯಲ್ಲಿ ಮೊಳೆ ಹೊಡೆದಿರಬಾರದು. ಹೆಬ್ಬೆರಳಲ್ಲಿ ಒತ್ತಿದ ಗುಂಡಿ ಕೈ ತೆಗೆದೊಡನೆ ಮೇಲೇಳಬೇಕು. ಹಳೆಯ ಚಪ್ಪಲಿಯಲ್ಲಿ ಗುಂಡಿ ಹಾಗೇ ಉಳಿದರೆ ಅದರ ಆಯುಸ್ಸು ಮುಗಿದಿದೆ.

ಎರಡನೆಯ ಅಳತೆ ನೋವಿನದು. ಮಂಡಿನೋವಿಗೂ ಹಿಮ್ಮಡಿನೋವಿಗೂ ಬರಿಗಾಲು ಕೊಡುವ ಉತ್ತರ ಪೂರ್ತಿ ಉಲ್ಟಾ. ಮಂಡಿ ಸವೆದ 75 ಜನರನ್ನು ಷಿಕಾಗೋದ ರಷ್ ವಿಶ್ವವಿದ್ಯಾಲಯದಲ್ಲಿ ಅವರದೇ ಶೂ ಹಾಕಿಸಿ, ಆಮೇಲೆ ಬಿಚ್ಚಿಸಿ ನಡೆಸಿ ನೋಡಿದರು. 2006ರಲ್ಲಿ ಪ್ರಕಟವಾದ ಆ ಅಳತೆಯಲ್ಲಿ, ಮಂಡಿಯ ಒಳಮಗ್ಗುಲಿಗೆ ಬೀಳುವ ಹೊರೆ ಬರಿಗಾಲಲ್ಲಿ ಸುಮಾರು 12 ಶೇಕಡಾ ಕಡಿಮೆ ಇತ್ತು. ಎತ್ತರದ ಹಿಮ್ಮಡಿ, ಬಗ್ಗದ ಸೋಲ್ ಎರಡೂ ಹೋದರೆ ಕಾಲು ಸಹಜವಾಗಿ ಮೆತ್ತಗೆ ಇಳಿಯುತ್ತದೆ. ಹಾಗಾಗಿ ಮಂಡಿನೋವಿನವರು ಮೆತ್ತನೆ ನೆಲದ ಮೇಲೆ ಧೈರ್ಯವಾಗಿ ಪ್ರಯತ್ನಿಸಬಹುದು. ಆದರೆ ಬೆಳಿಗ್ಗೆ ಹಾಸಿಗೆಯಿಂದಿಳಿದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುತ್ತದೆಯೇ? ಅದು ಅಂಗಾಲಿನ ಉದ್ದಕ್ಕೂ ಇರುವ ಪ್ಲಾಂಟರ್ ಫೇಶಿಯಾ ಎಂಬ ಪಟ್ಟಿಯ ನೋವು. ಅದು ಇಳಿಯುವವರೆಗೆ ಗಟ್ಟಿ ನೆಲದಲ್ಲಿ ಬರಿಗಾಲು ಬೇಡ, ಒಣ ಮರಳೂ ಬೇಡ.

ಮಣಿಪಾಲದ ಆ ಹೆಜ್ಜೆಗುರುತುಗಳು

ಬರಿಗಾಲಿನ ಲಾಭದ ಬಗ್ಗೆ ಜಗತ್ತೇ ಉಲ್ಲೇಖಿಸುವ ಒಂದು ಅಧ್ಯಯನ ನಮ್ಮ ಕರಾವಳಿಯದೇ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಶೇಕಡಾ, ಬರಿಗಾಲಿನ ಮಕ್ಕಳಲ್ಲಿ 2.8. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಬೆಳೆಯುವ ಪಾದದ ಕಮಾನು ಗಟ್ಟಿಯಾಗುವುದು ಸ್ನಾಯುಗಳಿಗೆ ಕೆಲಸ ಸಿಕ್ಕಾಗ ಎಂಬುದು ಇದರ ತಾತ್ಪರ್ಯ. ಶೂ ಒಳಗೆ ಆ ಕೆಲಸವನ್ನು ಸೋಲೇ ಮಾಡಿಬಿಡುತ್ತದೆ. ದೊಡ್ಡವರಾದ ಮೇಲೆ ಬರಿಗಾಲಲ್ಲಿ ನಡೆದು ಚಪ್ಪಟೆ ಪಾದಕ್ಕೆ ಕಮಾನು ತರಿಸಿಕೊಳ್ಳಬಹುದು ಎಂದು ಈ ಲೆಕ್ಕ ಹೇಳುವುದಿಲ್ಲ. ಅದನ್ನು ಹಾಗೆ ಓದಿಕೊಂಡು ಕಾಲು ನೋಯಿಸಿಕೊಳ್ಳುವವರೇ ಹೆಚ್ಚು.

ದೊಡ್ಡವರಿಗೆ ಸಿಗುವುದು ಎರಡು: ಪಾದದೊಳಗಿನ ಸಣ್ಣ ಸ್ನಾಯುಗಳ ಬಲ, ಮತ್ತು ಅಂಗಾಲಿನಿಂದ ಮಿದುಳಿಗೆ ಹೋಗುವ ಸುದ್ದಿ. ನೆಲ ವಾರೆಯಾದರೆ, ಕಲ್ಲು ಸಿಕ್ಕರೆ ಕಾಲು ತಾನೇ ಸರಿಮಾಡಿಕೊಳ್ಳುವುದು ಈ ಸುದ್ದಿಯಿಂದ. ಬರಿಗಾಲಲ್ಲಿ ನಡೆದು ದಪ್ಪಗಾದ ಅಂಗಾಲಿನ ಚರ್ಮ ಈ ಸ್ಪರ್ಶವನ್ನು ಮಂಕು ಮಾಡುತ್ತದೆಂಬ ಭಯವೂ ಬೇಡ. ಕೆನ್ಯಾದಲ್ಲಿ ಬರಿಗಾಲಿನವರನ್ನೂ ಶೂ ಹಾಕುವವರನ್ನೂ ಹೋಲಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ, ಗಟ್ಟಿ ಚರ್ಮದವರಿಗೂ ಕಂಪನ ಅಷ್ಟೇ ಚೆನ್ನಾಗಿ ತಿಳಿಯುತ್ತಿತ್ತು.

ಹಾಗಾದರೆ ನೆಲಕ್ಕೆ ಇರಬೇಕಾದ ಗುಣ ಇಷ್ಟು: ಸ್ವಲ್ಪ ಬಗ್ಗಬೇಕು, ಸ್ವಲ್ಪ ಏರುಪೇರಿರಬೇಕು, ಕಾಲಿಡುವ ಜಾಗ ಕಣ್ಣಿಗೆ ಕಾಣಬೇಕು.

ಮಣ್ಣಿನ ದಾರಿ

ನಮ್ಮ ಮೊದಲ ಆಯ್ಕೆ ಇದೇ. ಜನ ನಡೆದು ನಡೆದು ಗಟ್ಟಿಯಾದ, ಬಿಸಿಲು ಬೀಳುವ ಕಾಲುದಾರಿ ಟೈಲ್ಸಿಗಿಂತ ಮೆತ್ತಗೆ, ಹುಲ್ಲಿಗಿಂತ ಸ್ಪಷ್ಟ. ಮುಳ್ಳಿದ್ದರೆ, ಗಾಜಿದ್ದರೆ ಮೂರು ಹೆಜ್ಜೆ ಮೊದಲೇ ಕಾಣುತ್ತದೆ. ಖರ್ಚಿಲ್ಲ. ಸಣ್ಣ ಗರಸು ಇದ್ದರೆ ಮೊದಲ ವಾರ ಚುಚ್ಚುತ್ತದೆ, ಮೂರನೇ ವಾರಕ್ಕೆ ಕಾಲು ಒಗ್ಗುತ್ತದೆ. ಬಯಲುಸೀಮೆಯ ಎರೆಮಣ್ಣಿನದು ಬೇರೆ ಕಥೆ: ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಿ ಒಂದೊಂದು ಪಾದಕ್ಕೂ ಅರ್ಧ ಕೆಜಿ ಮಣ್ಣು ಅಂಟುತ್ತದೆ. ಸುಗ್ಗಿಯ ಹೊತ್ತಿನ ಎರಡು ಮೂರು ತಿಂಗಳು ಮಾತ್ರ ಅದು ನಡೆಯಲು ಸೊಗಸು.

ಮಣ್ಣಿನ ದೊಡ್ಡ ತಕರಾರು ಕೊಕ್ಕೆಹುಳು. ಬಯಲು ಶೌಚದ ಜಾಗದಲ್ಲಿ ಬಿದ್ದ ಮೊಟ್ಟೆ ತೇವ ಮತ್ತು ನೆರಳು ಸಿಕ್ಕರೆ 5ರಿಂದ 10 ದಿನದಲ್ಲಿ ಚರ್ಮ ಕೊರೆಯಬಲ್ಲ ಮರಿಯಾಗುತ್ತದೆ. ಅನುಕೂಲ ಇದ್ದರೆ ಮೂರು ನಾಲ್ಕು ವಾರ ಕಾದು ಕೂರುತ್ತದೆ. ಬೆರಳ ಸಂದಿನ ತೆಳು ಚರ್ಮದಿಂದ ಒಳಹೋಗಿ, ರಕ್ತದಲ್ಲಿ ಶ್ವಾಸಕೋಶ ಸೇರಿ, ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿದು ರಕ್ತ ಹೀರುತ್ತದೆ. ಮೊದಲು ಕಾಣುವುದು ಬೆರಳ ಸಂದಿನ ತುರಿಕೆ, ಎಷ್ಟೋ ದಿನದ ಮೇಲೆ ಕಾಣುವುದು ರಕ್ತಹೀನತೆ. ಇದರ ವೈರಿ ಬಿಸಿಲು ಮತ್ತು ಒಣಗು. ಆದ್ದರಿಂದ ಕೆರೆ ಏರಿಯ ಬಿಸಿಲು ಬೀಳುವ ತುಳಿದ ದಾರಿ ಆದೀತು, ಏರಿಯ ಕೆಳಗಿನ ಬಾಳೆತೋಟದ ನೆರಳಿನ ಹಸಿಮಣ್ಣು ಬೇಡ. ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸು ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಸರಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮಣ್ಣು ಬೇರೆಯೇ. ನಿಂತ ನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ, ಕಾಲಿನ ಸಣ್ಣ ಗೀರೇ ಅದಕ್ಕೆ ಬಾಗಿಲು. ಉಡುಪಿ, ದಕ್ಷಿಣ ಕನ್ನಡದ ಹಸಿಮಣ್ಣಿನಲ್ಲಿ ಮೆಲಿಯೊಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವ ಬ್ಯಾಕ್ಟೀರಿಯಾ ಕೂಡ ಇದೆ, ಅದು ಹೆಚ್ಚಾಗಿ ಹಿಡಿಯುವುದು ಮಧುಮೇಹಿಗಳನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಭಾಗದವರು ಹೊಲಗದ್ದೆಗೆ ಗಮ್‌ಬೂಟು ಹಾಕಿ, ಬರಿಗಾಲಿನ ಆಸೆಯನ್ನು ಜಗಲಿಯ ಮೇಲೆ ತೀರಿಸಿಕೊಳ್ಳುವುದು ಮೇಲು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನಲ್ಲಿ ಚಳಿಗಾಲದಿಂದ ಬೇಸಿಗೆಯ ತನಕ ಉಣುಗಿನ ಕಾಟ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆ ಹರಡುವುದು ಅದರಿಂದಲೇ. ಉದುರಿದ ಒಣ ಎಲೆಯ ದರಗಿನ ಮೇಲೆ ಬರಿಗಾಲಲ್ಲಿ ನಡೆಯುವುದಂತೂ ಅಲ್ಲಿ ಲೆಕ್ಕಕ್ಕೇ ಬರಬಾರದು. ಮತ್ತೆ ಎಲ್ಲ ಕಡೆಗೂ ಸಲ್ಲುವ ಮಾತು: ಕತ್ತಲಾದ ಮೇಲೆ ಬದುವಿನ ಮೇಲೆ ಬರಿಗಾಲು ಹಾವಿನ ಬಾಯಿಗೇ ಹತ್ತಿರ.

ಪಾರ್ಕಿನ ಹುಲ್ಲು

ಹೊಸಬರಿಗೆ ಇದು ಸುಲಭ. ಮೆತ್ತಗಿರುತ್ತದೆ, ಮಂಡಿನೋವಿನವರಿಗೂ ಹಿತ. ಆದರೆ ಹುಲ್ಲು ತನ್ನೊಳಗಿರುವುದನ್ನು ಮುಚ್ಚಿಡುತ್ತದೆ. ಬೆಂಗಳೂರಿನ ಪಾರ್ಕುಗಳಲ್ಲಿ ಕಾಲಿಗೆ ಸಿಗುವುದು ನಾಯಿಯ ಹೇಲು, ಬಾಟಲಿ ಚೂರು, ಮುಟ್ಟಿದರೆ ಮುನಿಯ ಮುಳ್ಳು, ಕಾಂಗ್ರೆಸ್ ಗಿಡ. ಕೊನೆಯದು ತಾಗಿದರೆ ಕೆಲವರಿಗೆ ಪಾದದ ಮೇಲೆಲ್ಲ ಕೆಂಪು ಗಂದೆ ಏಳುತ್ತದೆ. ನಾಯಿಯ ಕೊಕ್ಕೆಹುಳು ಸಾಮಾನ್ಯವಾಗಿ ಮನುಷ್ಯರ ಕರುಳಿಗೆ ಹೋಗದಿದ್ದರೂ ಚರ್ಮದಡಿ ಹಾವಿನಂತೆ ಹರಿದಾಡಿ ವಾರಗಟ್ಟಲೆ ತುರಿಸುತ್ತದೆ. ಹುಲ್ಲಿಗೆ ಔಷಧಿ ಹೊಡೆದ ದಿನ ಯಾವುದೆಂದು ಮಾಲಿಯನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ನಡೆಯುವ 30 ಅಡಿ ಪಟ್ಟಿಯನ್ನು ಒಮ್ಮೆ ಚಪ್ಪಲಿ ಹಾಕಿಯೇ ಕಣ್ಣಾಡಿಸಿ, ಆಮೇಲೆ ಬಿಟ್ಟು ಅಷ್ಟರಲ್ಲೇ ಹೋಗಿ ಬನ್ನಿ.

ಇಬ್ಬನಿಯ ಹುಲ್ಲಿನಲ್ಲಿ ನಡೆದರೆ ಕನ್ನಡಕದ ನಂಬರ್ ಇಳಿಯುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಬೆಳಗಿನ ತಂಪಿಗೆ ಕಣ್ಣು ಹಿತವೆನಿಸುತ್ತದೆ, ಅಷ್ಟೇ. ಮಳೆ ಬಂದ ಬೆಳಿಗ್ಗೆ ಪಾರ್ಕಿನ ದೀಪದ ಕಂಬ, ಕಾರಂಜಿ, ಟ್ರಾನ್ಸ್‌ಫಾರ್ಮರ್ ಸುತ್ತ ಹತ್ತಡಿ ಬಿಟ್ಟು ನಡೆಯಿರಿ. ಒದ್ದೆ ನೆಲ, ಒದ್ದೆ ಕಾಲು, ಎಲ್ಲೋ ಸುಲಿದ ಕೇಬಲ್ ಮೂರೂ ಸೇರಿದರೆ ಮುಂದೇನಾಗುತ್ತದೆಂದು ಪತ್ರಿಕೆಯಲ್ಲಿ ಪ್ರತಿ ಮಳೆಗಾಲ ಓದುತ್ತೇವೆ.

ಕಡಲ ಮರಳು

ಮಲ್ಪೆ, ಪಣಂಬೂರು, ಗೋಕರ್ಣದ ಹತ್ತಿರದವರಿಗೆ ಪುಕ್ಕಟೆ ಜಿಮ್. ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಪ್ರತಿ ಹೆಜ್ಜೆಯೂ ಜಾರಿ ಹೂತುಹೋಗುವುದರಿಂದ. ತೂಕ ಇಳಿಸುವವರಿಗೆ ಇದು ವರ. ಮೀನಖಂಡ, ಹಿಮ್ಮಡಿ ನರ ಬಿಗಿಯಾಗಿರುವವರಿಗೆ ಇದೇ ಶಾಪ, ಎರಡನೇ ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ. ಮಧ್ಯದ ದಾರಿ, ಅಲೆ ಈಗಷ್ಟೇ ಹಿಂದೆ ಸರಿದ ಒದ್ದೆ ಗಟ್ಟಿ ಮರಳು. ಅದಕ್ಕೂ ಒಂದು ಐಬಿದೆ. ದಡ ಕಡಲಿನ ಕಡೆಗೆ ಇಳಿಜಾರು, ಒಂದೇ ದಿಕ್ಕಿಗೆ ಎರಡು ಕಿಲೋಮೀಟರ್ ಹೋದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಸೊಂಟ ವಾರೆ. ಐದು ನಿಮಿಷಕ್ಕೊಮ್ಮೆ ತಿರುಗಿ ಬನ್ನಿ. ದೋಣಿ ಎಳೆಯುವ ಜಾಗ ಬಿಟ್ಟು ನಡೆಯಿರಿ, ಅಲ್ಲಿ ಬಲೆಯ ತುಂಡು, ಗಾಳದ ಕೊಕ್ಕೆ, ಮೀನಿನ ಮುಳ್ಳು ಖಚಿತ.

ಗುಂಡುಕಲ್ಲಿನ ಟ್ರ್ಯಾಕ್

ಪಕ್ಕದ ಬೋರ್ಡಿನಲ್ಲಿ ಅಂಗಾಲಿನ ಚಿತ್ರ ಬರೆದು ಇಲ್ಲಿ ಕಿಡ್ನಿ, ಇಲ್ಲಿ ಲಿವರ್ ಎಂದು ಬಣ್ಣ ಹಚ್ಚಿರುತ್ತಾರೆ. ಆ ನಕಾಶೆಯನ್ನು ನಂಬಬೇಕಿಲ್ಲ. ಕಲ್ಲನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಅಮೆರಿಕದ ಆರೆಗನ್‌ನಲ್ಲಿ 60 ದಾಟಿದ 108 ಜನರನ್ನು ಎರಡು ಗುಂಪು ಮಾಡಿ 16 ವಾರ ನಡೆಸಿದರು. ಒಂದು ಗುಂಪಿಗೆ ಗುಂಡುಕಲ್ಲಿನಂಥ ಉಬ್ಬುಗಳ ಚಾಪೆ, ಇನ್ನೊಂದಕ್ಕೆ ಮಾಮೂಲಿ ವಾಕಿಂಗ್. 2005ರಲ್ಲಿ ಬಂದ ಫಲಿತಾಂಶದಲ್ಲಿ ಚಾಪೆಯವರ ಸಮತೋಲನ ಸುಧಾರಿಸಿತ್ತು, ರಕ್ತದೊತ್ತಡದ ಕೆಳಗಿನ ಅಂಕಿಯೂ ಇಳಿದಿತ್ತು. ಪ್ರತಿ ಹೆಜ್ಜೆಗೂ ಪಾದ ಹೊಸ ಆಕಾರಕ್ಕೆ ಹೊಂದಿಕೊಳ್ಳಬೇಕಾದ್ದರಿಂದ ಹೀಗಾಗುತ್ತದೆ ಎಂಬ ವಿವರಣೆ ನಂಬುವಂಥದ್ದು.

ಆದರೆ ಎಲ್ಲ ಟ್ರ್ಯಾಕೂ ಒಂದೇ ಅಲ್ಲ. ಕಲ್ಲು ಕೋಳಿಮೊಟ್ಟೆ ಗಾತ್ರದ್ದಾಗಿ, ಒತ್ತೊತ್ತಾಗಿ, ಅರ್ಧ ಹೂತು ಒಂದೇ ಮಟ್ಟದಲ್ಲಿದ್ದರೆ ಚೆನ್ನ. ಕಲ್ಲು ಕಿತ್ತುಹೋಗಿ ಸಿಮೆಂಟಿನ ಚೂಪು ಅಂಚು ಎದ್ದಿದ್ದರೆ, ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ, ಮಳೆಗೆ ಪಾಚಿ ಕಟ್ಟಿದ್ದರೆ ಹತ್ತಬೇಡಿ. ಮೂರು ನಿಮಿಷದಿಂದ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ನೋವು ಜಾಸ್ತಿಯಾದಷ್ಟೂ ಗುಣ ಜಾಸ್ತಿ ಎಂದು ಹಲ್ಲು ಕಚ್ಚಿ ನಡೆಯುವವರಿಗೆ ಸಿಗುವುದು ಅಂಗಾಲಿನ ಮೂಳೆಯ ಬಾವು. ಮೂಳೆ ಸವೆದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದನ್ನು ಬಿಟ್ಟುಬಿಡಿ.

ಅಪಾರ್ಟ್‌ಮೆಂಟಿನವರು ಇದನ್ನು ಬಾಲ್ಕನಿಯಲ್ಲೇ ಮಾಡಿಕೊಳ್ಳಬಹುದು. 60×45 ಸೆಂಟಿಮೀಟರಿನ ಗಟ್ಟಿ ಪ್ಲಾಸ್ಟಿಕ್ ಟ್ರೇ, 3–4 ಸೆಂಟಿಮೀಟರಿನ ನುಣುಪು ಕಲ್ಲು. 5 ಸೆಂಟಿಮೀಟರ್ ಎತ್ತರಕ್ಕೆ ತುಂಬಲು ಸುಮಾರು 20ರಿಂದ 22 ಕೆಜಿ ಬೇಕು. ನರ್ಸರಿ, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ, ಪಾಲಿಶ್ ಮಾಡಿದ ಬಿಳಿ ಕಲ್ಲು ದುಬಾರಿ ಮತ್ತು ಜಾರುತ್ತದೆ, ಮಾಸಲು ಬಣ್ಣದ್ದೇ ಸಾಕು. ಟ್ರೇ ಕೆಳಗೆ ಹಳೆಯ ರಬ್ಬರ್ ಮ್ಯಾಟ್ ಹಾಕಿ, ಕಿಟಕಿಯ ಸರಳು ಹಿಡಿದು ನಿಂತಲ್ಲೇ ಹೆಜ್ಜೆ ಹಾಕಿ. ವಾರಕ್ಕೊಮ್ಮೆ ಕಲ್ಲು ತೊಳೆದು ಬಿಸಿಲಿಗೆ ಹರಡದಿದ್ದರೆ ಬೆರಳ ಸಂದಿಗೆ ಫಂಗಸ್ ಬರುತ್ತದೆ.

ಟೆರೇಸ್ ಮತ್ತು ಮನೆಯ ನೆಲ

ಸ್ವಚ್ಛತೆಯಲ್ಲಿ ಟೆರೇಸಿಗೆ ಪೂರ್ತಿ ಅಂಕ, ಉಳಿದದ್ದರಲ್ಲಿ ಪಾಸ್ ಮಾರ್ಕು. ಸಪಾಟು, ಗಟ್ಟಿ, ಹತ್ತು ಗಂಟೆಯ ಮೇಲೆ ಹೆಂಚಿನಂತೆ ಕಾಯುತ್ತದೆ. ಎಲ್ಲೇ ಆಗಲಿ, ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಐದು ಎಣಿಸಿ. ಕೈ ಎಳೆದುಕೊಂಡರೆ ಕಾಲಿಗೂ ಬೇಡ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕಾದವರು ಬಿಸಿಲೇರುವ ಮೊದಲೇ ಹತ್ತಿ ಇಳಿಯುವುದು ಈ ಲೆಕ್ಕದಿಂದಲೇ.

ಮನೆಯೊಳಗಿನ ಬರಿಗಾಲು ವ್ಯಾಯಾಮವಲ್ಲ. ಗ್ರಾನೈಟ್ ಮೇಲೆ ಎರಡು ಗಂಟೆ ನಿಂತು ಅಡುಗೆ ಮಾಡುವವರ ಹಿಮ್ಮಡಿನೋವಿಗೆ ಪಾರ್ಕಿನಲ್ಲಿ ಮದ್ದು ಹುಡುಕುವ ಮೊದಲು ಒಲೆಯ ಮುಂದೆ ಒಂದು ದಪ್ಪ ರಬ್ಬರ್ ಮ್ಯಾಟ್ ಹಾಸಿ, ಅಥವಾ ಮನೆಗೆಂದೇ ಒಂದು ಮೆತ್ತನೆ ಚಪ್ಪಲಿ ಇಡಿ. 65 ದಾಟಿದವರು ಮನೆಯೊಳಗೆ ಬರಿಗಾಲಲ್ಲೋ ಬರೀ ಸಾಕ್ಸಿನಲ್ಲೋ ಓಡಾಡುವಾಗಲೇ ಹೆಚ್ಚು ಬೀಳುತ್ತಾರೆ ಎಂಬುದನ್ನು ಹೊರದೇಶದ ಅಧ್ಯಯನಗಳು ತೋರಿಸಿವೆ. ಹಿಂದೆ ಪಟ್ಟಿಯಿರುವ, ಅಡಿಯಲ್ಲಿ ಗೆರೆಯಿರುವ ಚಪ್ಪಲಿ ಅವರಿಗೆ ಬೇಕು. ಹಿರಿಯರು ಮನೆಯೊಳಗೆ ಚಪ್ಪಲಿಯೇ ಎಂದು ಮುಖ ಸಿಂಡರಿಸಿದರೆ, ಹೊಸಿಲು ದಾಟದ ಹೊಸ ಜೋಡಿಯೆಂದು ಹೇಳಿ ಕೊಡಿ, ದೇವರಮನೆಯ ಮುಂದೆ ಬಿಟ್ಟರಾಯಿತು.

ಅರ್ಥಿಂಗ್ ಚಾಪೆ, ಬೆಡ್‌ಶೀಟ್

ಅಮೆರಿಕದ ಕೇಬಲ್ ಟೀವಿ ಉದ್ಯಮದಲ್ಲಿದ್ದ ಕ್ಲಿಂಟ್ ಓಬರ್ 1990ರ ದಶಕದ ಕೊನೆಯಲ್ಲಿ ಹಬ್ಬಿಸಿದ ವಿಚಾರ ಇದು. ಕೇಬಲ್‌ಗೆ ಅರ್ಥ್ ಕೊಟ್ಟಂತೆ ಮೈಗೂ ಕೊಟ್ಟರೆ ಭೂಮಿಯ ಎಲೆಕ್ಟ್ರಾನ್ ಒಳಬಂದು ಉರಿಯೂತ ಇಳಿಯುತ್ತದೆ, ನಿದ್ದೆ ಬರುತ್ತದೆ ಎಂಬುದು ವಾದ. ಅರ್ಥ್ ಆದ ಮೈ ಭೂಮಿಯ ವಿದ್ಯುತ್ ಮಟ್ಟಕ್ಕೆ ಬರುವುದು ಭೌತಶಾಸ್ತ್ರದ ಪ್ರಕಾರ ನಿಜ. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎಂಬಲ್ಲಿ ಎಡವಟ್ಟು. ಆಧಾರವಾಗಿ ತೋರಿಸುವ ಅಧ್ಯಯನಗಳು ಚಿಕ್ಕವು. ಹೆಚ್ಚು ಹೆಸರಾದ 2004ರ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಅಧ್ಯಯನದಲ್ಲಿ ಇದ್ದವರು 12 ಜನ, ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಈ ವಿಷಯದಲ್ಲಿ ಬರೆದವರಲ್ಲಿ ಕೆಲವರಿಗೆ ಚಾಪೆ ಮಾರುವ ಕಂಪನಿಯ ನಂಟೂ ಇತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಚಾಪೆಯ ಮೇಲೆ ಕುಳಿತಾಗ ಪಾದದ ಒಂದು ಸ್ನಾಯುವೂ ಅಲುಗುವುದಿಲ್ಲ. ನಾವು ಇದಕ್ಕೆ ದುಡ್ಡು ಹಾಕುವುದಿಲ್ಲ. ಹಾಕಿಯೇ ತೀರುವವರು ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಮನೆಯ ಅರ್ಥ್ ಅಳೆಸಿ. ಸಾಕೆಟ್ಟಿನ ಮೂರನೇ ತೂತು ಹೆಸರಿಗಷ್ಟೇ ಇರುವ ಹಳೆಯ ಮನೆಗಳು ಬೇಕಾದಷ್ಟಿವೆ. ಗೀಸರ್ ಲೀಕಾಗಿ ಅರ್ಥ್ ತಂತಿಗೇ ಕರೆಂಟ್ ಹರಿದರೆ ಅದು ಸೀದಾ ನಿಮ್ಮ ಚಾಪೆಗೆ ಬರುತ್ತದೆ. ತಂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇದ್ದರೆ 230 ವೋಲ್ಟಿಗೂ ಮೈಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್, ಗೊತ್ತೇ ಆಗುವುದಿಲ್ಲ. 100 ಕಿಲೋಓಮ್ ಇದ್ದರೆ 2.3, ಜುಮ್ಮೆನ್ನುತ್ತದೆ. ರೆಸಿಸ್ಟರೇ ಇಲ್ಲದ ಅಗ್ಗದ ತಂತಿ ಪ್ರಾಣಕ್ಕೇ ಸಂಚಕಾರ. ಮೈನ್ ಬೋರ್ಡಿನಲ್ಲಿ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಗೆ ಇದು ಸಲ್ಲದು.

ಬೇರ್‌ಫುಟ್ ಶೂ ಮತ್ತು ಅಥಣಿಯ ಚಪ್ಪಲಿ

ನೆಲ ಹೊಲಸು, ಆದರೆ ಪಾದಕ್ಕೆ ಕೆಲಸ ಬೇಕು ಎನ್ನುವವರಿಗೆ ತೆಳು ಸೋಲಿನ, ಹಿಮ್ಮಡಿ ಎತ್ತರವಿಲ್ಲದ ಶೂ ಒಳ್ಳೆಯ ನಡುದಾರಿ. ಇಂಥವನ್ನು ದಿನಾ ಹಾಕಿದವರ ಪಾದದ ಬಲ ಆರು ತಿಂಗಳಲ್ಲಿ ಸರಾಸರಿ 57.4 ಶೇಕಡಾ ಏರಿದ್ದನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2021ರಲ್ಲಿ ವರದಿ ಮಾಡಿದ್ದಾರೆ. ಗಮನಿಸಿ, ಅವರು ಓಡಲಿಲ್ಲ, ದಿನದ ಓಡಾಟವಷ್ಟೇ ಮಾಡಿದ್ದು. ಅವಸರ ಮಾಡಿದವರ ಕಥೆ 2013ರ ಇನ್ನೊಂದು ಅಧ್ಯಯನದಲ್ಲಿದೆ: 10 ವಾರದಲ್ಲಿ, ಒಂದೊಂದು ಬೆರಳಿಗೂ ಬೇರೆ ಗೂಡಿರುವ ಬೆರಳುಶೂಗೆ ಬದಲಾದ 19 ಓಟಗಾರರಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಕಾಣಿಸಿತು. ಆ ಬೆರಳುಶೂ ಕಂಪನಿ ವಿಬ್ರಾಮ್, ಆರೋಗ್ಯದ ಬಗ್ಗೆ ಆಧಾರವಿಲ್ಲದ ಭರವಸೆ ಕೊಟ್ಟಿತೆಂಬ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಕೊಳ್ಳುವಾಗ ಪೇಪರಿನ ಮೇಲೆ ನಿಂತು ಪಾದದ ಗೆರೆ ಎಳೆದು, ಅದರ ಮೇಲೆ ಶೂ ಇಡಿ. ಬೆರಳುಗಳ ಬಳಿ ಗೆರೆ ಹೊರಗೆ ಕಂಡರೆ ಅದು ಹೆಸರಿಗಷ್ಟೇ ಬೇರ್‌ಫುಟ್. ಶೂವನ್ನು ಕೈಯಲ್ಲಿ ಚಪಾತಿಯಂತೆ ಸುರುಳಿ ಸುತ್ತಲು ಬರಬೇಕು.

ಇಂಥ ಶೂಗೆ ಸಾವಿರಗಟ್ಟಲೆ ಸುರಿಯುವುದು ಬೇಡವೆಂದರೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡಿ. ಸಪಾಟು, ಅಗಲ, ಬೆರಳಿಗೆ ಗಾಳಿ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ 2019ರಲ್ಲಿ ಇದರ ಜಿಐ, ಅಂದರೆ ಹುಟ್ಟಿದ ಊರಿನ ಹೆಸರು ಕಾಯುವ ಭೌಗೋಳಿಕ ಗುರುತು ಸಿಕ್ಕಿದೆ. ಮೊದಲ ವಾರ ಕಚ್ಚುತ್ತದೆ, ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ. ಮಳೆಯಲ್ಲಿ ಹಾಕಬೇಡಿ, ಚರ್ಮ ನೀರು ಕುಡಿದು ಬಿರಿಯುತ್ತದೆ, ಜಾರುತ್ತದೆ. ಚುಚ್ಚುವ ಉಬ್ಬುಗಳ ಅಕ್ಯುಪ್ರೆಶರ್ ಚಪ್ಪಲಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಉಬ್ಬು ಸದಾ ಒಂದೇ ಜಾಗಕ್ಕೆ ಒತ್ತುವುದರಿಂದ ಪಾದ ಕಲಿಯುವುದು ಏನೂ ಇಲ್ಲ.

ನಿಮ್ಮ ಮನೆಗೆ ಯಾವುದು

ಆರು ವರ್ಷದೊಳಗಿನ ಮಗುವಿಗೆ ಅಂಗಳ, ಮಣ್ಣು, ಹುಲ್ಲು ಎಲ್ಲವೂ. ಶೂ ಶಾಲೆಯ ಹೊತ್ತಿಗಷ್ಟೇ ಸಾಕು, ಆದಷ್ಟು ಮುಂದೆ ತೆರೆದ ಸ್ಯಾಂಡಲ್. ದಿನವಿಡೀ ಕುರ್ಚಿಯಲ್ಲಿರುವ ಮೂವತ್ತು ನಲವತ್ತರವರಿಗೆ ವಾರಕ್ಕೆ ನಾಲ್ಕು ದಿನ ಮಣ್ಣುದಾರಿ, ಉಳಿದ ದಿನ ತೆಳು ಸೋಲ್. ಮಂಡಿನೋವಿದ್ದು ಹಿಮ್ಮಡಿ ಸರಿಯಿದ್ದರೆ ಹುಲ್ಲು. ಹಿಮ್ಮಡಿನೋವಿದ್ದರೆ ಮೆತ್ತನೆ ಚಪ್ಪಲಿ, ನೋವಿಳಿದ ಮೇಲೆ ಹುಲ್ಲು. ಎರಡೂ ನೋಯುತ್ತಿದ್ದರೆ ಹಿಮ್ಮಡಿಯ ಮಾತು ಕೇಳಿ. ಬೀಳುವ ಭಯವಿಲ್ಲದ ಹಿರಿಯರಿಗೆ ಕಂಬಿಯಿರುವ ಗುಂಡುಕಲ್ಲು ಅಥವಾ ಬಾಲ್ಕನಿ ಟ್ರೇ. ಶುಗರ್ ಇದ್ದೂ ಆರು ಬೆರಳ ಪರೀಕ್ಷೆ ಪಾಸಾದವರು ಡಾಕ್ಟರನ್ನು ಒಂದು ಮಾತು ಕೇಳಿ, ಒಪ್ಪಿದರೆ ಸ್ವಚ್ಛ ಹುಲ್ಲಿನಲ್ಲಿ ಹಗಲು ಹತ್ತು ನಿಮಿಷ.

ಶುರು ಮಾಡುವ ಕ್ರಮ ಎಲ್ಲರಿಗೂ ಒಂದೇ. ಮೊದಲೆರಡು ವಾರ ದಿನ ಬಿಟ್ಟು ದಿನ ಐದರಿಂದ ಹತ್ತು ನಿಮಿಷ, ಆಮೇಲೆ ವಾರಕ್ಕೆ ಐದು ನಿಮಿಷದಂತೆ ಏರಿಸಿ ಅರ್ಧ ಗಂಟೆಗೆ ತನ್ನಿ. ಹೆಜ್ಜೆ ಚಿಕ್ಕದಿರಲಿ, ಹಿಮ್ಮಡಿ ಕುಕ್ಕಿದ ಸದ್ದು ಕೇಳಬಾರದು. ಮೀನಖಂಡ ಎರಡು ದಿನ ನೋಯುವುದು ಮಾಮೂಲಿ. ಆದರೆ ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಜಾಗ ನೋಯುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರಬಹುದು. ಅಂದೇ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.

ಹೊರಡುವ ಮೊದಲು ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಿ. ಹತ್ತು ದಾಟಿದ್ದರೆ ಹಾಕಿಸಿ. ಮಣ್ಣು ಮೆತ್ತಿದ ಗಾಯವಾದಾಗ ಐದು ದಾಟಿದ್ದರೂ ಹಾಕಿಸಬೇಕು. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣಿನೊಳಗಿನ ಬೀಜಾಣು. ಮುಳ್ಳು ಚುಚ್ಚಿದ ಆಳದ ತೂತು ಅದಕ್ಕೆ ಹೇಳಿ ಮಾಡಿಸಿದ ಜಾಗ, ಅಲ್ಲಿ ಗಾಳಿಯಾಡುವುದಿಲ್ಲ. ಅರಿಸಿನ, ಕಾಫಿಪುಡಿ ಮೆತ್ತಿ ಮುಚ್ಚಬೇಡಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆಯಿರಿ. ಗಾಯವಿಲ್ಲದ ದಿನವೂ ಮನೆಗೆ ಬಂದು ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿ ಒಣಗಿಸಿ, ಅಂಗಾಲಿನ ಕೆಳಗೆ ಕೈಗನ್ನಡಿ ಹಿಡಿದು ನೋಡಿ. ಹಿಮ್ಮಡಿ ಬಿರಿದಿದ್ದರೆ ರಾತ್ರಿ 10 ಶೇಕಡಾ ಯೂರಿಯಾ ಕ್ರೀಮ್ ಹಚ್ಚಿ ಹತ್ತಿ ಸಾಕ್ಸ್ ಹಾಕಿ ಮಲಗಿ. ಬಿರುಕಿನಲ್ಲಿ ರಕ್ತ ಕಂಡರೆ ಅದು ಮಾಯುವವರೆಗೆ ಮಣ್ಣಿಗೆ ಕಾಲಿಡಬೇಡಿ.